ಒತ್ತಡದಲ್ಲಿ ಉಪ್ಪಿನ ಹರಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ ಬಿಎಸ್ಸಿ, ಎಂಎಸ್ಸಿ ಓದುವವರು ಪ್ರಾಜೆಕ್ಟ್ ಆರಿಸುವ ಹೊತ್ತಿಗೆ ಕೇಳುವ ಪ್ರಶ್ನೆಗಳು ಇವು. ಉತ್ತರಗಳನ್ನು ಒಂದೇ ಕಡೆ ಇಟ್ಟರೆ ಅನುಕೂಲ ಅಂತ ಬರೆದಿದ್ದೇನೆ. ಘನಸ್ಥಿತಿ ಭೌತಶಾಸ್ತ್ರದ ಮೊದಲ ಪಾಠ ಆಗಿದ್ದರೆ ಸಾಕು, ಉಳಿದದ್ದು ಇಲ್ಲೇ ಸಿಗುತ್ತದೆ.

ಉಪ್ಪಿನ ಹರಳಿನ ರಚನೆ ನೂರು ವರ್ಷಕ್ಕೂ ಹಿಂದೆಯೇ ಗೊತ್ತಾಗಿದೆ. ಇನ್ನೂ ಅದನ್ನು ಓದುವುದೇಕೆ?

ಗೊತ್ತಾಗಿರುವುದು ನಿಜ. 1913ರಲ್ಲಿ ಲಾರೆನ್ಸ್ ಬ್ರ್ಯಾಗ್ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಮುಂತಾದ ಉಪ್ಪುಗಳ ರಚನೆಯನ್ನು ಎಕ್ಸ್‌ರೇಯಿಂದ ಬಿಡಿಸಿದರು. ಎರಡೇ ವರ್ಷದಲ್ಲಿ ತಂದೆಯ ಜೊತೆ ನೊಬೆಲ್ ಬಂತು, ಆಗ ಅವರಿಗೆ 25 ವರ್ಷ. ಆದರೆ ಆ ರಚನೆ ನಾವು ಉಸಿರಾಡುವ ಗಾಳಿಯ ಒತ್ತಡದಲ್ಲಿ ಇರುವ ರಚನೆ. ಒತ್ತಡ ಏರಿಸಿದರೆ ಅದೇ ಸೋಡಿಯಂ, ಅದೇ ಕ್ಲೋರಿನ್ ಬೇರೆ ಥರ ಜೋಡಿಸಿಕೊಳ್ಳುತ್ತವೆ. ಇನ್ನೂ ಏರಿಸಿದರೆ ಪಠ್ಯಪುಸ್ತಕ ಒಪ್ಪದ ಸಂಯುಕ್ತಗಳೇ ಹುಟ್ಟುತ್ತವೆ.

ನನಗೆ ಸರಳ ಉಪ್ಪುಗಳು ಇಷ್ಟವಾಗಲು ಇನ್ನೊಂದು ಕಾರಣ ಇದೆ. ಇಲ್ಲಿ ಎಕ್ಸ್‌ರೇ ಗೆರೆಗಳಿಂದ (ಹರಳಿಗೆ ಬಡಿದ ಎಕ್ಸ್‌ರೇ ಕೆಲವು ಕೋನಗಳಲ್ಲಿ ಮಾತ್ರ ಜೋರಾಗಿ ಹೊರಬರುತ್ತದೆ, ಅವೇ ಈ ಗೆರೆಗಳು) ಪರಮಾಣುಗಳ ಜಾಗದವರೆಗಿನ ಪೂರ್ತಿ ತರ್ಕವನ್ನು ಪೆನ್ಸಿಲ್ ಹಿಡಿದು ಮಾಡಬಹುದು. ದೊಡ್ಡ ಅಣುಗಳಲ್ಲಿ ಸಾಫ್ಟ್‌ವೇರ್ ಹೇಳಿದ್ದನ್ನು ನಂಬಬೇಕಾಗುತ್ತದೆ. ಉಪ್ಪಿನಲ್ಲಿ ಪ್ರತಿ ಹೆಜ್ಜೆಯನ್ನೂ ನೀವೇ ಪರೀಕ್ಷಿಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ಹೆಚ್ಚಿನ ಒತ್ತಡ ಅಂದರೆ ಎಷ್ಟು?

ಇಲ್ಲಿ ಲೆಕ್ಕ ಗಿಗಾಪಾಸ್ಕಲ್‌ನಲ್ಲಿ. ಒಂದು ಗಿಗಾಪಾಸ್ಕಲ್ ಅಂದರೆ ವಾತಾವರಣದ ಒತ್ತಡದ ಸುಮಾರು 10,000 ಪಟ್ಟು. ಕೆಆರ್‌ಎಸ್ 124.80 ಅಡಿ ತುಂಬಿದಾಗ ಅಷ್ಟು ಎತ್ತರದ ನೀರು ತಳದಲ್ಲಿ ಹಾಕುವ ಒತ್ತಡ ಬರೀ 0.0004 ಗಿಗಾಪಾಸ್ಕಲ್‌ನಷ್ಟು. ಮರಿಯಾನಾ ಕಂದಕದ ತಳದಲ್ಲಿ 0.1. ಮೈಸೂರಿನ ನೆಲದಡಿ ಸುಮಾರು 35 ಕಿ.ಮೀ. ಇಳಿದರೆ ಮೇಲಿನ ಕಲ್ಲಿನ ಭಾರದಿಂದ 1 ಗಿಗಾಪಾಸ್ಕಲ್ ಸಿಗುತ್ತದೆ. ಭೂಮಿಯ ನಡುಮಧ್ಯದಲ್ಲಿ ಸುಮಾರು 360.

ಆಹಾರ ತಂತ್ರಜ್ಞಾನ ಅಂದರೆ ಮೈಸೂರಿನವರಿಗೆ ಸಿಎಫ್‌ಟಿಆರ್‌ಐ ನೆನಪಾಗುತ್ತದೆ. ಆ ಕ್ಷೇತ್ರದಲ್ಲಿ ಹಣ್ಣಿನ ರಸವನ್ನು ಬಿಸಿ ಮಾಡದೆ ಕಾಪಾಡಲು ಒತ್ತಡ ಬಳಸುವ ವಿಧಾನ ಇದೆ. ಅಲ್ಲಿ 0.4ರಿಂದ 0.6 ಗಿಗಾಪಾಸ್ಕಲ್ ಹಾಕುತ್ತಾರೆ. ರುಬಿಡಿಯಂ ಕ್ಲೋರೈಡ್ ಹರಳು ತನ್ನ ರಚನೆ ಬದಲಿಸಲು ಹೆಚ್ಚು ಕಡಿಮೆ ಅಷ್ಟೇ ಸಾಕು!

ಒತ್ತಿದಾಗ ಹರಳಿನೊಳಗೆ ನಿಜವಾಗಿ ಏನಾಗುತ್ತದೆ?

ಅಡುಗೆ ಉಪ್ಪಿನ ರಚನೆಗೆ ಬಿ1 ಎನ್ನುತ್ತಾರೆ. ಇದರಲ್ಲಿ ಪ್ರತಿ ಅಯಾನಿನ ಸುತ್ತ ಎದುರು ಜಾತಿಯ 6 ಅಯಾನುಗಳು. ಸೀಸಿಯಂ ಕ್ಲೋರೈಡಿನ ರಚನೆಗೆ ಬಿ2 ಎಂದು ಹೆಸರು. ಅದರಲ್ಲಿ ಸುತ್ತ 8, ಘನದ ನಡುವೆ ಒಂದು ಜಾತಿ, ಎಂಟು ಮೂಲೆಗಳಲ್ಲಿ ಇನ್ನೊಂದು. ಒತ್ತಡ ಏರುತ್ತಾ ಹೋದರೆ ಬಹಳಷ್ಟು ಉಪ್ಪುಗಳು ಬಿ1 ಬಿಟ್ಟು ಬಿ2ಗೆ ಹೋಗುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಜಾಗ ಇದೆ. ಒತ್ತಿದರೆ ಅಯಾನುಗಳು ಹತ್ತಿರ ಬರಬೇಕು, ಅಲ್ವಾ? ಒಂದೇ ರಚನೆ ಇರುವ ತನಕ ಅದು ಸರಿ. ಆದರೆ ಬದಲಾಗುವ ಕ್ಷಣದಲ್ಲಿ ಪಕ್ಕದ ಅಯಾನುಗಳ ನಡುವಿನ ದೂರ ಹೆಚ್ಚುತ್ತದೆ. ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 2 ಗಿಗಾಪಾಸ್ಕಲ್ ಬಳಿ ಅದು ಸುಮಾರು 3.05 ಆಂಗ್‌ಸ್ಟ್ರಮ್‌ನಿಂದ 3.19ಕ್ಕೆ ಏರುತ್ತದೆ (ಒಂದು ಆಂಗ್‌ಸ್ಟ್ರಮ್ ಅಂದರೆ 0.1 ನ್ಯಾನೊಮೀಟರ್). ಆದರೂ ಗಾತ್ರ ಶೇಕಡಾ 10ಕ್ಕೂ ಜಾಸ್ತಿ ಇಳಿಯುತ್ತದೆ. ಆರು ಜನರ ಜಾಗದಲ್ಲಿ ಎಂಟು ಜನ ನಿಲ್ಲಬೇಕಾದರೆ ಪ್ರತಿಯೊಬ್ಬರೂ ಸ್ವಲ್ಪ ಹಿಂದೆ ಸರಿಯಬೇಕು, ಆದರೆ ಖಾಲಿ ಜಾಗ ಕಡಿಮೆಯಾಗುತ್ತದೆ.

ಲೆಕ್ಕದಲ್ಲೂ ನೋಡಿ. ಪಕ್ಕದ ಅಯಾನುಗಳ ದೂರ ಆರ್ ಆಗಿದ್ದರೆ, ಒಂದು ಜೋಡಿಗೆ (ಒಂದು ಧನ, ಒಂದು ಋಣ ಅಯಾನು) ಬಿ1ರಲ್ಲಿ ಬೇಕಾದ ಗಾತ್ರ ಆರ್ ಘನದ 2 ಪಟ್ಟು. ಬಿ2ರಲ್ಲಿ 1.54 ಪಟ್ಟು ಮಾತ್ರ. ಹಾಗಾಗಿ ಆರ್ ಸ್ವಲ್ಪ ಬೆಳೆದರೂ ಒಟ್ಟು ಗಾತ್ರ ಕುಗ್ಗುತ್ತದೆ. ಒತ್ತಡಕ್ಕೆ ಬೇಕಿರುವುದು ಕಡಿಮೆ ಗಾತ್ರ, ಕಡಿಮೆ ದೂರವಲ್ಲ. ಈ ಒಂದು ಮಾತು ಅರ್ಥವಾದರೆ ಅರ್ಧ ವಿಷಯ ಅರ್ಥವಾದಂತೆ.

ಯಾವ ಉಪ್ಪು ಎಷ್ಟು ಒತ್ತಡಕ್ಕೆ ಬದಲಾಗುತ್ತದೆ?

ಧನ ಅಯಾನು ದೊಡ್ಡದಾದಷ್ಟೂ ಬೇಗ ಬದಲಾಗುತ್ತದೆ. ರುಬಿಡಿಯಂ ಕ್ಲೋರೈಡ್ ಸುಮಾರು 0.5 ಗಿಗಾಪಾಸ್ಕಲ್‌ನಲ್ಲಿ. ಪೊಟ್ಯಾಸಿಯಂನ ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ಮೂರೂ 2ರ ಆಸುಪಾಸಿನಲ್ಲಿ. ಸೋಡಿಯಂ ಫ್ಲೋರೈಡ್ 27ರ ಹತ್ತಿರ. ಅಡುಗೆ ಉಪ್ಪು ಸುಮಾರು 30ರಲ್ಲಿ, ಇದನ್ನು 1968ರಲ್ಲಿ ಬ್ಯಾಸೆಟ್ ಮತ್ತು ಜೊತೆಗಾರರು ತೋರಿಸಿದರು. ಲಿಥಿಯಂ ಫ್ಲೋರೈಡ್ ಮಾತ್ರ 100 ದಾಟಿದರೂ ಜಗ್ಗುವುದಿಲ್ಲ. ಸೀಸಿಯಂ ಕ್ಲೋರೈಡ್ ಸಾಮಾನ್ಯ ಒತ್ತಡದಲ್ಲೇ ಬಿ2.

ತ್ರಿಜ್ಯಗಳ ಅನುಪಾತದ ನಿಯಮ ಓದಿರುತ್ತೀರಿ. ಅನುಪಾತ 0.732 ದಾಟಿದರೆ ಎಂಟು ನೆರೆ ಎಂದು. ಪೊಟ್ಯಾಸಿಯಂ 1.38, ಕ್ಲೋರೈಡ್ 1.81 ಆಂಗ್‌ಸ್ಟ್ರಮ್, ಅನುಪಾತ 0.76. ನಿಯಮದ ಪ್ರಕಾರ ಪೊಟ್ಯಾಸಿಯಂ ಕ್ಲೋರೈಡ್ ಮೊದಲೇ ಬಿ2 ಆಗಿರಬೇಕಿತ್ತು. ಆಗಿಲ್ಲ! ಪರೀಕ್ಷೆಗೆ ಆ ನಿಯಮ ಬರೆಯಿರಿ, ಆದರೆ ಅದನ್ನೇ ಭೌತಶಾಸ್ತ್ರ ಅಂದುಕೊಳ್ಳಬೇಡಿ. ಅಯಾನುಗಳು ಗಟ್ಟಿ ಗೋಲಿಗಳಲ್ಲ. ಶಕ್ತಿಯಲ್ಲಿ ಎರಡೂ ರಚನೆಗಳು ತೀರಾ ಹತ್ತಿರ ಇರುತ್ತವೆ, ಒತ್ತಡ ತಕ್ಕಡಿಯನ್ನು ಒಂದು ಕಡೆ ವಾಲಿಸುತ್ತದೆ ಅಷ್ಟೇ.

ಅಷ್ಟು ಒತ್ತಡ ಹಾಕಲು ದೊಡ್ಡ ಯಂತ್ರ ಬೇಕಲ್ಲವೇ?

ಬೇಡ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣ ಸಾಕು. ಅದರ ಹೆಸರು ಡೈಮಂಡ್ ಆ್ಯನ್ವಿಲ್ ಸೆಲ್. ಎದುರುಬದುರು ಎರಡು ವಜ್ರ, ಅವುಗಳ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ಚಪ್ಪಟೆ ಮಾಡಿರುತ್ತಾರೆ. ನಡುವೆ ತೆಳುವಾದ ಉಕ್ಕಿನ ಅಥವಾ ರೀನಿಯಂ ತಗಡು, ಅದರಲ್ಲಿ ಕೂದಲಿನಷ್ಟು ಸಣ್ಣ ರಂಧ್ರ. ಉಪ್ಪು ಆ ರಂಧ್ರದೊಳಗೆ. ಸ್ಕ್ರೂ ತಿರುಗಿಸಿ ಒತ್ತಬೇಕು.

ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅರ್ಧ ಮಿಲಿಮೀಟರ್ ಅಗಲದ ಮುಖದ ಮೇಲೆ 2 ಗಿಗಾಪಾಸ್ಕಲ್ ಬೇಕಾದರೆ ಕಾಗದದ ಲೆಕ್ಕದಲ್ಲಿ 40 ಕೆ.ಜಿ. ಭಾರ ಸಾಕು. ಮಂಡ್ಯದ ಗದ್ದೆಗೆ ಹೊರುವ ಒಂದು ಪೊಟ್ಯಾಷ್ ಮೂಟೆ 50 ಕೆ.ಜಿ. ಆ ಮೂಟೆಯೊಳಗೆ ಇರುವುದೂ ಮುಖ್ಯವಾಗಿ ಪೊಟ್ಯಾಸಿಯಂ ಕ್ಲೋರೈಡೇ. ತಗಡು ಸ್ವಲ್ಪ ಬಲ ತಾನೇ ತಿನ್ನುವುದರಿಂದ ನಿಜದಲ್ಲಿ ಇನ್ನಷ್ಟು ಬೇಕಾಗುತ್ತದೆ.

ಈ ಸೆಲ್ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ. ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ತಂಡವೂ ಷಿಕಾಗೋದ ತಂಡವೂ ಬೇರೆ ಬೇರೆಯಾಗಿ ಮಾಡಿದವು. ಅದಕ್ಕೂ ಮುಂಚೆ ಅಮೆರಿಕದ ಭೌತವಿಜ್ಞಾನಿ ಬ್ರಿಡ್ಜ್‌ಮನ್ ದೊಡ್ಡ ಪ್ರೆಸ್‌ಗಳಲ್ಲಿ ಕೆಲಸ ಮಾಡಿ 1946ರಲ್ಲಿ ನೊಬೆಲ್ ಪಡೆದಿದ್ದರು. ವಜ್ರ ಗಟ್ಟಿ ಅನ್ನುವುದು ಒಂದು ಗುಣ. ಅದು ಪಾರದರ್ಶಕ, ಎಕ್ಸ್‌ರೇಯನ್ನೂ ಒಳಗೆ ಬಿಡುತ್ತದೆ ಅನ್ನುವುದು ಅದಕ್ಕಿಂತ ಮುಖ್ಯ ಗುಣ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಹರಳು ಬದಲಾಗುವುದನ್ನೇ ನೋಡಬಹುದು. ಈ ಸೆಲ್ ಬಗ್ಗೆ ಓದಬೇಕೆಂದರೆ ಜಯರಾಮನ್ ಅವರ 1983ರ ದೀರ್ಘ ವಿಮರ್ಶಾ ಲೇಖನದಿಂದ ಶುರು ಮಾಡಿ. ಸಿ.ವಿ. ರಾಮನ್ ಜೊತೆ ಬೆಂಗಳೂರಿನಲ್ಲಿ ಕೆಲಸ ಮಾಡಿ ಮುಂದೆ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದವರು ಅವರು.

ಅಷ್ಟು ಸಣ್ಣ ಜಾಗದಲ್ಲಿ ಒತ್ತಡ ಅಳೆಯುವುದು ಹೇಗೆ?

ಉಪ್ಪಿನ ಪಕ್ಕದಲ್ಲಿ ಮಾಣಿಕ್ಯದ ಒಂದು ಚೂರು ಇಡುತ್ತಾರೆ. ಅದರ ಮೇಲೆ ಲೇಸರ್ ಬಿಟ್ಟರೆ ಕೆಂಪಾಗಿ ಹೊಳೆಯುತ್ತದೆ. ಆ ಬೆಳಕಿನ ಮುಖ್ಯ ಗೆರೆ 694.2 ನ್ಯಾನೊಮೀಟರಿನಲ್ಲಿ. ಒತ್ತಡ 1 ಗಿಗಾಪಾಸ್ಕಲ್ ಏರಿದರೆ ಗೆರೆ 0.365 ನ್ಯಾನೊಮೀಟರ್ ಸರಿಯುತ್ತದೆ. 1972ರಲ್ಲಿ ಬಂದ ಈ ಉಪಾಯ ಇಡೀ ಕ್ಷೇತ್ರವನ್ನೇ ಬದಲಿಸಿತು.

ಆದರೆ ಮಾಣಿಕ್ಯಕ್ಕೆ ಸೆಕೆಯೂ ತಾಗುತ್ತದೆ. ಒಂದು ಡಿಗ್ರಿಗೆ ಸುಮಾರು 0.007 ನ್ಯಾನೊಮೀಟರ್. ಬೆಳಿಗ್ಗೆ 25 ಡಿಗ್ರಿಯಲ್ಲಿ ಸೊನ್ನೆ ಒತ್ತಡದ ಗೆರೆ ಅಳೆದು, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇರುವ ಕೋಣೆಯಲ್ಲಿ ಪ್ರಯೋಗ ಮಾಡಿದರೆ ಗೆರೆ 0.07 ನ್ಯಾನೊಮೀಟರ್ ಸುಮ್ನೆ ಸರಿದಿರುತ್ತದೆ. ಅಂದರೆ ಇಲ್ಲದ 0.2 ಗಿಗಾಪಾಸ್ಕಲ್ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಅಡುಗೆ ಉಪ್ಪಿನ 30ರಲ್ಲಿ ಇದು ಏನೂ ಅಲ್ಲ. ಪೊಟ್ಯಾಸಿಯಂ ಕ್ಲೋರೈಡಿನ 2ರಲ್ಲಿ ಹತ್ತಕ್ಕೆ ಒಂದು ಭಾಗ ತಪ್ಪು! ಮಂಡ್ಯ, ಮೈಸೂರಿನ ಬೇಸಿಗೆಯಲ್ಲಿ ಎಸಿ ಇಲ್ಲದ ಲ್ಯಾಬ್‌ಗೆ ಇದು ಬಹಳ ಮುಖ್ಯ. ಥರ್ಮಾಮೀಟರ್ ಓದಿ ಬರೆದಿಡಿ, ಪ್ರತಿ ಸಲ. ಪ್ರಾಜೆಕ್ಟ್ ವರದಿಗಳಲ್ಲಿ ನಾನು ಮೊದಲು ಹುಡುಕುವುದು ಈ ಅಂಕಣವನ್ನೇ.

ಇನ್ನೊಂದು ದಾರಿ ಉಪ್ಪನ್ನೇ ಮಾಪಕವಾಗಿ ಬಳಸುವುದು. ಸೋಡಿಯಂ ಕ್ಲೋರೈಡ್ ಎಷ್ಟು ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಬೇರೆ ವಸ್ತುವಿನ ಜೊತೆ ಚಿಟಿಕೆ ಉಪ್ಪು ಸೇರಿಸಿದರೆ ಉಪ್ಪಿನ ಗೆರೆಗಳೇ ಒತ್ತಡ ಹೇಳುತ್ತವೆ.

ಸೆಲ್ ಒಳಗೆ ಬೇರೇನು ತುಂಬಬೇಕು?

ಒತ್ತಡ ಎಲ್ಲ ಕಡೆಯಿಂದ ಸಮನಾಗಿ ಬರಲು ದ್ರವ ಅಥವಾ ಅನಿಲ ಬೇಕು. ಮೆಥನಾಲ್ ನಾಲ್ಕು ಪಾಲು, ಎಥನಾಲ್ ಒಂದು ಪಾಲು ಬೆರೆಸಿದ್ದು ಸುಮಾರು 10 ಗಿಗಾಪಾಸ್ಕಲ್ ತನಕ ನಡೆಯುತ್ತದೆ. ಆದರೆ ಉಪ್ಪು ಕರಗುವ ದ್ರವ ಹಾಕಬಾರದು, ಅದಕ್ಕೇ ಆರ್ಗಾನ್, ನಿಯಾನ್, ಹೀಲಿಯಂ ಉತ್ತಮ. ಕಡಿಮೆ ಒತ್ತಡಕ್ಕೆ ಸಿಲಿಕೋನ್ ಎಣ್ಣೆ ಆಗುತ್ತದೆ. ಉಪ್ಪನ್ನು ಮೊದಲು ಓವನ್‌ನಲ್ಲಿ ಒಣಗಿಸಿ. ಅಂಗಡಿಯ ಉಪ್ಪಿನಲ್ಲಿ ಅಯೋಡಿನ್ ಸೇರಿರುತ್ತದೆ, ಕೆಂಪು ಪೊಟ್ಯಾಷ್‌ನಲ್ಲಿ ಕಬ್ಬಿಣದ ಕಲ್ಮಶ ಇರುತ್ತದೆ. ಲ್ಯಾಬ್ ದರ್ಜೆಯದ್ದೇ ಬಳಸಿ.

ಎಕ್ಸ್‌ರೇ ಗೆರೆಗಳಿಂದ ರಚನೆ ಕಂಡುಹಿಡಿಯುವುದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ. ಸ್ವಲ್ಪ ನಿಧಾನವಾಗಿ ನೋಡೋಣ.

ಗೆರೆಯ ಕೋನಕ್ಕೂ ಪರಮಾಣು ಪದರಗಳ ಅಂತರಕ್ಕೂ ಇರುವ ಸಂಬಂಧವೇ ಬ್ರ್ಯಾಗ್ ನಿಯಮ. ಅದರಿಂದ ಪ್ರತಿ ಗೆರೆಗೆ ಒಂದು ಪದರ ಅಂತರ ಸಿಗುತ್ತದೆ. ಘನಾಕಾರದ ಹರಳಾದರೆ, ಆ ಅಂತರದ ವರ್ಗವನ್ನು ತಲೆಕೆಳಗು ಮಾಡಿದಾಗ ಸಿಗುವ ಅಂಕಿಗಳು ಪೂರ್ಣಾಂಕಗಳ ಅನುಪಾತದಲ್ಲಿ ಇರಬೇಕು. ಬಿ1ರಲ್ಲಿ ಅವು 3, 4, 8, 11, 12 ಹೀಗೆ. ಬಿ2ರಲ್ಲಿ 1, 2, 3, 4, 5, 6. ಅಡುಗೆ ಉಪ್ಪಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ತೊಂದರೆಯೇ ಇಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಬೇರೆ ಕಥೆ. ಪೊಟ್ಯಾಸಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನ್, ಕ್ಲೋರೈಡ್ ಅಯಾನಿನಲ್ಲೂ 18. ಎಕ್ಸ್‌ರೇ ನೋಡುವುದು ಎಲೆಕ್ಟ್ರಾನುಗಳನ್ನು. ಹಾಗಾಗಿ ಅದಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಒಂದು ಇನ್ನೊಂದನ್ನು ಕಳೆಯುವ ಗೆರೆಗಳು ಬಹುತೇಕ ಮಾಯವಾಗುತ್ತವೆ. ಬಿ1ರಲ್ಲಿ ಉಳಿಯುವ ಗೆರೆಗಳ ಅನುಪಾತ 1, 2, 3, 4, 5, 6, 8. ಬ್ರ್ಯಾಗ್ 1913ರಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಉಪ್ಪುಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಇದನ್ನೇ ಹಿಡಿದರು. ಎಂಥ ಚುರುಕು ನೋಡಿ!

ಈಗ ಅದನ್ನು ಒತ್ತಿ ಬಿ2 ಮಾಡಿದೆವು ಅನ್ನಿ. ಅಲ್ಲೂ ಕೆಲವು ಗೆರೆಗಳು ಮಾಯ. ಉಳಿಯುವವು 2, 4, 6, 8, 10, 12, 14. ಎರಡರಿಂದ ಭಾಗಿಸಿದರೆ 1, 2, 3, 4, 5, 6, 7. ಮೊದಲ ಆರು ಗೆರೆಗಳ ಅನುಪಾತ ಎರಡು ರಚನೆಗೂ ಒಂದೇ. ಏಳನೆಯ ಗೆರೆ ಬಂದರೆ ಮಾತ್ರ ಅನುಪಾತದಿಂದ ತೀರ್ಮಾನ ಸಾಧ್ಯ. ಮಾಲಿಬ್ಡಿನಂ ಲೋಹದಿಂದ ಹೊರಡಿಸಿದ ಎಕ್ಸ್‌ರೇಯಲ್ಲಿ ಆ ಗೆರೆ 42 ಡಿಗ್ರಿ ಕೋನದ ಬಳಿ ಬರುತ್ತದೆ, ಬಹಳಷ್ಟು ಸೆಲ್‌ಗಳ ಕಿಟಕಿ ಅಷ್ಟು ಅಗಲ ತೆರೆಯುವುದಿಲ್ಲ.

ಹಾಗಾದರೆ ಏನು ಮಾಡುವುದು? ಗಾತ್ರವನ್ನು ಕೇಳಬೇಕು. 2 ಗಿಗಾಪಾಸ್ಕಲ್‌ನಲ್ಲಿ ಬದಲಾವಣೆಗೆ ಮುಂಚೆ ಒಂದು ಜೋಡಿಯ ಗಾತ್ರ ಸುಮಾರು 57 ಘನ ಆಂಗ್‌ಸ್ಟ್ರಮ್. ಬದಲಾದ ಮೇಲೆ ಮೊದಲ ಬಲವಾದ ಗೆರೆಯ ಅಂತರ 2.60 ಆಂಗ್‌ಸ್ಟ್ರಮ್. ಇದು ಇನ್ನೂ ಬಿ1 ಎಂದುಕೊಂಡರೆ ಘನದ ಅಂಚು 5.20, ಜೋಡಿಗೆ 35 ಘನ ಆಂಗ್‌ಸ್ಟ್ರಮ್. ಅಂದರೆ ಇದ್ದಕ್ಕಿದ್ದಂತೆ ಸುಮಾರು ಶೇಕಡಾ 38 ಕುಗ್ಗಬೇಕು. ಅಸಾಧ್ಯ. ಬಿ2 ಎಂದುಕೊಂಡರೆ ಅಂಚು 3.68, ಜೋಡಿಗೆ ಸುಮಾರು 50. ಇದು ನಂಬುವಂಥದ್ದು. ಗೆರೆಗಳ ಬಲವನ್ನೂ ನೋಡಿ: ಬಿ2ರಲ್ಲಿ ಮೊದಲನೆಯದು ಜೋರು, ಎರಡನೆಯದು ಸಪ್ಪೆ. ಬಿ1ರಲ್ಲಿ ಮೊದಲೆರಡೂ ಜೋರಾಗಿರುತ್ತವೆ. ಆದರೆ ಸೆಲ್ ಒಳಗೆ ಪುಡಿಯ ಕಣಗಳು ಒಂದೇ ಕಡೆ ವಾಲಿ ಕೂತಿದ್ದರೆ ಗೆರೆಯ ಬಲ ಮೋಸ ಮಾಡುತ್ತದೆ. ಅದಕ್ಕೇ ನಾನು ಗಾತ್ರದ ಸಾಕ್ಷಿಯನ್ನು ಮೊದಲು ಕೇಳಿ ಅನ್ನುವುದು.

ಪುಡಿ ಯಾಕೆ? ಒಂದೇ ದೊಡ್ಡ ಹರಳು ಇಟ್ಟರೆ ಇನ್ನೂ ಸುಲಭ ಅಲ್ವಾ?

ಬದಲಾವಣೆಯ ತನಕ ಸುಲಭ. ಗಾತ್ರ ಒಮ್ಮೆಲೇ ಇಳಿದಾಗ ಹರಳು ಸಾಮಾನ್ಯವಾಗಿ ಒಡೆದು ಚೂರಾಗುತ್ತದೆ. ಆಮೇಲೆ ಸಿಗುವುದು ಪುಡಿಯ ಚಿತ್ರವೇ. ವಜ್ರದ ಸ್ವಂತ ಚುಕ್ಕೆಗಳು, ತಗಡಿನ ಗೆರೆಗಳು ಕೂಡ ಚಿತ್ರದಲ್ಲಿ ಬರುತ್ತವೆ. ಖಾಲಿ ಸೆಲ್‌ನ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಅವನ್ನು ಗುರುತಿಸುವುದು ಸುಲಭ.

ರಾಮನ್ ಸ್ಪೆಕ್ಟ್ರೋಮೀಟರ್ (ಚದುರಿದ ಲೇಸರ್ ಬೆಳಕಿನ ಗೆರೆಗಳನ್ನು ಅಳೆಯುವ ಉಪಕರಣ) ಇದ್ದರೆ ಸಾಕೇ?

ಈ ಉಪ್ಪುಗಳಿಗೆ ಸಾಲದು. ಬಿ1, ಬಿ2 ಎರಡರಲ್ಲೂ ಪ್ರತಿ ಅಯಾನು ಸಮ್ಮಿತಿಯ ಕೇಂದ್ರದಲ್ಲಿ ಕೂತಿದೆ. ಹಾಗಾಗಿ ಮೊದಲ ದರ್ಜೆಯ ರಾಮನ್ ಗೆರೆಯೇ ಬರುವುದಿಲ್ಲ. ಇಲ್ಲಿ ಎಕ್ಸ್‌ರೇಗೆ ಬದಲಿ ಇಲ್ಲ.

ಒತ್ತಡ ತೆಗೆದರೆ ಹಳೆಯ ರಚನೆಗೆ ಮರಳುತ್ತದೆಯೇ?

ಮರಳುತ್ತದೆ, ಆದರೆ ಹೋದ ಒತ್ತಡದಲ್ಲೇ ಅಲ್ಲ. ಇಳಿಯುವಾಗ ಇನ್ನೂ ಕೆಳಗೆ ಬಂದ ಮೇಲೆ ಬದಲಾಗುತ್ತದೆ. ಏರುವಾಗಿನ ಅಂಕಿ, ಇಳಿಯುವಾಗಿನ ಅಂಕಿ ಎರಡನ್ನೂ ವರದಿ ಮಾಡಿ. ನಿಜವಾದ ಸಮತೋಲನ ಎರಡರ ನಡುವೆ ಎಲ್ಲೋ ಇರುತ್ತದೆ. ಬಿಸಿ ಮಾಡಿದರೂ ರಚನೆ ಬದಲಾಗುತ್ತದೆ: ಸೀಸಿಯಂ ಕ್ಲೋರೈಡ್ ಸುಮಾರು 470 ಡಿಗ್ರಿಯಲ್ಲಿ ಬಿ2 ಬಿಟ್ಟು ಬಿ1 ಆಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಸಿ.ಎನ್.ಆರ್. ರಾವ್ 1960ರ ದಶಕದಲ್ಲಿ ಇಂಥ ಬದಲಾವಣೆಗಳ ಮೇಲೆ ಕೆಲಸ ಮಾಡಿದವರು.

ಒಂದು ಸೋಡಿಯಂಗೆ ಮೂರು ಕ್ಲೋರಿನ್ ಇರುವ ಉಪ್ಪು ಇದೆಯಂತೆ, ನಿಜವೇ?

ನಿಜ. 2013ರಲ್ಲಿ ಒಗಾನೊವ್ ಮತ್ತು ಜೊತೆಗಾರರು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು, ಆಮೇಲೆ ಸೆಲ್‌ನಲ್ಲಿ ಲೇಸರ್‌ನಿಂದ ಕಾಯಿಸಿ ಮಾಡಿ ತೋರಿಸಿದರು. ಮೂರು ಸೋಡಿಯಂಗೆ ಒಂದು ಕ್ಲೋರಿನ್ ಇರುವುದೂ ಸಿಕ್ಕಿತು. ಹೈಸ್ಕೂಲಿನಲ್ಲಿ ಕಲಿತ ವೇಲೆನ್ಸಿ ಲೆಕ್ಕ ನಮ್ಮ ಒತ್ತಡಕ್ಕೆ ಮಾತ್ರ ಸರಿ ಅನ್ನುವುದು ಇದರಿಂದ ಗೊತ್ತಾಯಿತು. ಈ ಕ್ಷೇತ್ರದಲ್ಲಿ ನನಗೆ ತುಂಬ ಖುಷಿ ಕೊಟ್ಟ ಫಲಿತಾಂಶ ಇದು. 2023ರಲ್ಲಿ ಇನ್ನೊಂದು ಬಂತು: ತಣ್ಣನೆಯ ಉಪ್ಪುನೀರನ್ನು ಒತ್ತಿದಾಗ, ಎರಡು ಉಪ್ಪಿಗೆ 17 ನೀರಿನ ಅಣು ಸೇರಿದ ಹೊಸ ಹರಳು ಸಿಕ್ಕಿತು. ಗುರುವಿನ ಹಿಮಾವೃತ ಉಪಗ್ರಹಗಳನ್ನು ಓದುವವರಿಗೆ ಇದು ಬೇಕಾದ ಮಾಹಿತಿ.

ಮೈಸೂರು, ಮಂಡ್ಯದಲ್ಲಿ ಇದ್ದುಕೊಂಡೇ ಈ ಕೆಲಸ ಮಾಡಬಹುದೇ?

ಬಹಳ ಭಾಗ ಮಾಡಬಹುದು. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಎಕ್ಸ್‌ರೇ ಹರಳು ಅಧ್ಯಯನದ ಪರಂಪರೆ ಇದೆ. ಬಿ1, ಬಿ2 ಲೆಕ್ಕ ಕಲಿಯಲು ಸಾಮಾನ್ಯ ಪುಡಿ ಡಿಫ್ರಾಕ್ಟೋಮೀಟರ್ (ಪುಡಿಯ ಎಕ್ಸ್‌ರೇ ಗೆರೆ ಅಳೆಯುವ ಯಂತ್ರ) ಸಾಕು. ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಸೀಸಿಯಂ ಕ್ಲೋರೈಡ್ ಮೂರರ ಚಿತ್ರ ತೆಗೆದು ಕೈಯಲ್ಲೇ ಬಿಡಿಸಿ. ತಾಮ್ರದ ಎಕ್ಸ್‌ರೇಯಲ್ಲಿ ಅಡುಗೆ ಉಪ್ಪಿನ ಬಲವಾದ ಗೆರೆ 31.7 ಡಿಗ್ರಿಯಲ್ಲಿ ಬರಬೇಕು. ಬರದಿದ್ದರೆ ಮೊದಲು ಯಂತ್ರದ ಹೊಂದಾಣಿಕೆ ನೋಡಿ.

ಒತ್ತಡದ ಪ್ರಯೋಗಕ್ಕೆ ಸಿಂಕ್ರೊಟ್ರಾನ್ (ತುಂಬಾ ಪ್ರಖರವಾದ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರ) ಬೇಕಾದರೆ ಇಂದೋರಿನಲ್ಲಿ ಇಂಡಸ್-2 ಇದೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಎಕ್ಸ್‌ಪ್ರೆಸ್ ಎಂಬ ಬೀಮ್‌ಲೈನ್ (ಸಿಂಕ್ರೊಟ್ರಾನಿನ ಎಕ್ಸ್‌ರೇ ಬಳಸುವ ಪ್ರಯೋಗ ಕೇಂದ್ರ) ಇದೆ, ಭಾರತ ಮತ್ತು ಇಟಲಿ ಸೇರಿ ಹೆಚ್ಚಿನ ಒತ್ತಡದ ಕೆಲಸಕ್ಕೆಂದೇ ಕಟ್ಟಿದ್ದು. ಅಲ್ಲಿ ಸಮಯ ಬೇಕೆಂದರೆ ಪ್ರಸ್ತಾವನೆ ಬರೆದು ಕಳಿಸಬೇಕು, ಮಾರ್ಗದರ್ಶಕರ ಜೊತೆ ಸೇರಿ ಬರೆಯಿರಿ. ಸಿಂಕ್ರೊಟ್ರಾನಿನಲ್ಲಿ 0.4 ಆಂಗ್‌ಸ್ಟ್ರಮ್ ಅಲೆಯುದ್ದ ಆರಿಸಿಕೊಂಡರೆ, ಮೇಲೆ ಹೇಳಿದ ಏಳನೆಯ ಗೆರೆ 23.5 ಡಿಗ್ರಿಗೇ ಬಂದುಬಿಡುತ್ತದೆ.

ಯಾವ ಸಾಫ್ಟ್‌ವೇರ್ ಬೇಕು?

ವೃತ್ತಾಕಾರದ ಚಿತ್ರವನ್ನು ಗೆರೆಗಳಾಗಿ ಮಾಡಲು ಡಿಯೋಪ್ಟಾಸ್ (Dioptas), ರಚನೆ ಹೊಂದಿಸಲು ಜಿಎಸ್‌ಎಎಸ್-2 ಅಥವಾ ಫುಲ್‌ಪ್ರೊಫ್, ಚಿತ್ರ ಬಿಡಿಸಲು ವೆಸ್ಟಾ. ಎಲ್ಲವನ್ನೂ ದುಡ್ಡು ಕೊಡದೆ ಪಡೆಯಬಹುದು, ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಬೇರೆಯವರ ಡೇಟಾ ಮೇಲೆ ಕೆಲಸ ಮಾಡುವುದಾದರೆ ಸಿದ್ಧ ಗೆರೆಗಳ ಫೈಲ್ ಜೊತೆ ಮೂಲ ಚಿತ್ರವನ್ನೂ, ಅಲೆಯುದ್ದವನ್ನೂ, ಮಾಣಿಕ್ಯದ ಗೆರೆಯನ್ನು ಅಳೆದಾಗಿನ ತಾಪಮಾನವನ್ನೂ ಕೇಳಿ ಪಡೆಯಿರಿ. ಮೂಲ ಚಿತ್ರದಲ್ಲಿ ವೃತ್ತ ಒಡೆದು ಚುಕ್ಕೆಗಳಾಗಿದ್ದರೆ ಗೆರೆಯ ಬಲವನ್ನು ನಂಬಬೇಡಿ, ಜಾಗವನ್ನು ಮಾತ್ರ ನಂಬಿ.